ನಾಕು ಅಂದರೆ ನಕೋ ಅಲ್ಲ

ನಮ್ಮ ಇಂಗ್ಲಿಷ್ ಸರ್ ಹೋದ ತಿಂಗಳು ನಿವೃತ್ತರಾದರು. ಭಾಲ್ಕಿಯ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೂವತ್ತು ವರ್ಷ ಅವರ ಪಕ್ಕದ ಕೋಣೆಯಲ್ಲಿ ಕನ್ನಡ ಪಾಠ ಮಾಡಿದವನೆಂದು ನನಗೂ ಮಾತಾಡಲು ಐದು ನಿಮಿಷ ಕೊಟ್ಟಿದ್ದರು. ಶಿಸ್ತು, ಸಮಯಪಾಲನೆ, ವಿದ್ಯಾರ್ಥಿಗಳ ಮೇಲಿನ ಪ್ರೀತಿ ಎಂದು ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅಂಥ ಮಾತನ್ನು ಯಾವ ಮಾಸ್ತರರ ನಿವೃತ್ತಿಯಲ್ಲಾದರೂ ಹೇಳಬಹುದು. ಇಳಿದು ಬಂದಮೇಲೆ ಸರ್ ನನ್ನ ಕಿವಿಯ ಹತ್ತಿರ ಬಾಗಿ, "ಖರೇದು ಒಂದೂ ಹೇಳಲಿಲ್ಲ ನೀವು" ಅಂದರು. ಆ ಖರೇದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದಿದ್ದಾರೆ. ಹಾಕುವುದಿಲ್ಲ.

ನಾನು ಭಾಲ್ಕಿಗೆ ಕೆಲಸಕ್ಕೆ ಸೇರಿದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನಮಸ್ಕಾರ ಹೇಳುತ್ತ ಬಂದೆ. ಕಿಟಕಿಯ ಬಳಿ ಕೂತಿದ್ದ ಒಬ್ಬರು ಮಾತ್ರ ತಲೆ ಎತ್ತಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯ ಸಂದಿಯಲ್ಲಿ ಒಂದು ಸೀಮೆಸುಣ್ಣ, ಕೈಯಲ್ಲಿ ರಟ್ಟು ಕಿತ್ತ ಪುಸ್ತಕ. ಇಂಗ್ಲಿಷ್ ಪಾಠ ಮಾಡುವವರಿಗೆ ಇಷ್ಟು ಸೊಕ್ಕು ಇರುವುದೇ ಎಂದುಕೊಂಡು, ನಾನೂ ಅವತ್ತಿನಿಂದ ಅವರ ಕಡೆ ನೋಡುವುದನ್ನು ಬಿಟ್ಟೆ. ಮೂರನೆಯ ದಿನ ಸಂಜೆ ನಾನು ಇಳಿದುಕೊಂಡಿದ್ದ ಲಾಡ್ಜಿನ ಬಾಗಿಲು ತಟ್ಟಿದ ಸದ್ದಾಯಿತು. ಅವರೇ ನಿಂತಿದ್ದರು.

"ಮೊನ್ನೆ ನೀವು ನಮಸ್ಕಾರ ಅಂದಿದ್ರಿ. ನಾ ಅವಾಗ ಓದಲಿಕ್ಕತ್ತಿದ್ದೆ. ಇವತ್ತ ಯಾರೋ ಹೇಳಿದ್ರು. ನಮಸ್ಕಾರರಿ."

ಅಷ್ಟು ಹೇಳಿ ಹೊರಟೇಬಿಟ್ಟರು. ನಾನೇ ಓಡಿಹೋಗಿ ಕರೆದು ಕೂರಿಸಿದೆ. ಮುಂದಿನ ವಾರ ಸ್ಟೇಷನ್ ರಸ್ತೆಯಲ್ಲಿ ಅವರಿದ್ದ ಎರಡು ಕೋಣೆಯ ಮನೆಗೆ ನಾನೂ ಬಾಡಿಗೆಯ ಪಾಲುದಾರನಾಗಿ ಸೇರಿಕೊಂಡೆ.

ಜೊತೆಗಿದ್ದಾಗ ತಿಳಿದದ್ದು ಇದು: ತರಗತಿಯಲ್ಲಿ ಕೊನೆಯ ಬೆಂಚಿಗೂ ಕೇಳುತ್ತಿದ್ದ ಅವರ ದನಿ, ಹೊರಗೆ ಬಂದರೆ ಅವರ ಅಂಗಿಯ ಜೇಬಿಗಷ್ಟೇ ಕೇಳುತ್ತಿತ್ತು. ಗದ್ದವನ್ನು ಎದೆಗೆ ಒತ್ತಿಕೊಂಡು ಮಾತಾಡುವ ಅಭ್ಯಾಸ. ಎದುರಿಗೆ ಹೆಣ್ಣುಮಕ್ಕಳಿದ್ದರಂತೂ ಮುಗಿದೇಹೋಯಿತು. ತುಟಿ ಅಲ್ಲಾಡಿದ್ದು ಕಾಣುತ್ತಿತ್ತು, ಉಳಿದದ್ದನ್ನು ನಾವು ಊಹಿಸಿಕೊಳ್ಳಬೇಕು. ಇನ್ನೊಂದು ಅಭ್ಯಾಸ ಸಕ್ಕರೆಯದು. ಒಂದು ಕಪ್ಪು ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿ ಕಲಕಿ, ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ನಾನು ಚೇಷ್ಟೆ ಮಾಡಿದರೆ, "ಇಡೀ ದಿನ ವ್ಯಾಕರಣ ಹೇಳತೇನಿ. ಬಾಯಿ ಕಹಿ ಆಗಿರ್ತದರಿ" ಅನ್ನುತ್ತಿದ್ದರು.

ಆಗ ಬಿ.ಎ. ಎರಡನೆಯ ವರ್ಷಕ್ಕೆ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಪಠ್ಯವಾಗಿತ್ತು. ಪ್ರೇಮ, ಮದುವೆಯ ಮಾತುಕತೆ, ಮೊದಲ ನೋಟದಲ್ಲೇ ಒಬ್ಬರನ್ನೊಬ್ಬರು ತಪ್ಪು ತಿಳಿದುಕೊಂಡ ಹುಡುಗ ಹುಡುಗಿ, ಇಷ್ಟೇ ಕಥೆ. ಅದೇ ಅವರ ಕೈಯಲ್ಲಿದ್ದ ರಟ್ಟು ಕಿತ್ತ ಪುಸ್ತಕ. ಅದನ್ನು ಅವರು ಕಲಿಸುತ್ತಿದ್ದ ರೀತಿ ಕೇಳಲು ನಾನು ನನ್ನ ಬಿಡುವಿನ ಪಿರಿಯಡ್‌ನಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದುಂಟು.

"ಈ ಕಥಿ ಇಂಗ್ಲೆಂಡಿನಾಗ ನಡದದ ಅಂತ ಬರದಾರ, ಸುಳ್ಳು. ಇದು ಔರಾದದಾಗ ನಡದದ, ಭಾಲ್ಕಿಯಾಗ ನಡದದ. ಮನಿ ತುಂಬ ಹೆಣ್ಣಮಕ್ಕಳು. ಊರಿಗೆ ಒಬ್ಬ ಛಲೋ ವರ ಬಂದಾನಂತ ಸುದ್ದಿ ಬಂದದ. ತಾಯಿಗಿ ನಿದ್ದಿ ಇಲ್ಲ. ಈಗ ಹೇಳ್ರಿ, ನಿಮ್ಮ ಓಣ್ಯಾಗ ಇಂಥ ಮನಿ ಇಲ್ಲೇನು?"

ಒಬ್ಬ ಹುಡುಗಿ ಎದ್ದು ನಿಂತು, "ಸರ್, ಆ ಹುಡುಗಗ ಹೊಲ ಎಷ್ಟಿತ್ರಿ?" ಎಂದು ಕೇಳಿದಳು. ತರಗತಿ ಗೊಳ್ಳೆಂದು ನಕ್ಕಿತು. ಸರ್ ನಗಲಿಲ್ಲ. "ಇದೇ ಕೇಳಬೇಕಾದ ಮಾತು. ಪ್ರೇಮದ ಪುಸ್ತಕ ಅಂತ ತೆರದ್ರ ಮೊದಲು ಸಿಗೋದು ಹೊಲಾನೇ" ಎಂದು ಅವಳನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿದರು. ಆಮೇಲೆ ಪುಸ್ತಕ ಎತ್ತಿ ತೋರಿಸಿ ಹೇಳಿದ ಮಾತು ನನ್ನ ನೆನಪಿನಲ್ಲಿ ಹಾಗೇ ಇದೆ: "ಇದರಾಗ ಕೊಲಿ ಇಲ್ಲ, ಕಳವು ಇಲ್ಲ. ಇಬ್ಬರೂ ಎದುರಾಬದುರು ಕೂತು ಕೇಳಿದ್ರ ಇಪ್ಪತ್ತನೇ ಪುಟಕ್ಕ ಮುಗಿಯೋ ಕಥಿ. ಕೇಳಂಗಿಲ್ಲ. ಅದಕ್ಕ ನಾಕ್ನೂರು ಪುಟ ಆಗ್ಯಾದ."

ಹೀಗೆ ಬೇರೆಯವರ ಪ್ರೇಮವನ್ನು ಅರೆದು ಕುಡಿಸುತ್ತಿದ್ದ ಮನುಷ್ಯನಿಗೆ ಮೂವತ್ತನಾಲ್ಕು ತುಂಬಿದರೂ ಮದುವೆಯಾಗಿರಲಿಲ್ಲ. ನೋಡಿದ ಕಡೆಯೆಲ್ಲ ಅವರ ಮೌನವೇ ಅಡ್ಡ ಬರುತ್ತಿತ್ತು. ಹುಡುಗ ಏನೋ ಮುಚ್ಚಿಡುತ್ತಾನೆ ಅನ್ನುವವರು ಕೆಲವರು, ಓದಿದ ಸೊಕ್ಕು ಅನ್ನುವವರು ಕೆಲವರು. ಬೀದರಿನ ಚಿದ್ರಿಯಲ್ಲಿದ್ದ ಅವರ ತಾಯಿ ಹಟ ಹಿಡಿದಾಗ ನಮ್ಮ ಕಾಲೇಜಿನ ಗುಮಾಸ್ತರು ತಮ್ಮೂರಾದ ಔರಾದದ ಒಂದು ಸಂಬಂಧ ಹೇಳಿದರು. ಹುಡುಗಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಸರ್ ತಾಯಿಗೆ ಮೊಣಕಾಲು ನೋವು, ಬಸ್ಸು ಹತ್ತಲಾಗದು. "ಮೊದಲು ನೀವಿಬ್ಬರು ಹೋಗಿ ನೋಡಿ ಬರ್ರಿ. ಹೂಂ ಅಂದ್ರ ಆಮ್ಯಾಲ ಹಿರಿಯರು ಹೋಗ್ತೇವಿ" ಎಂದು ನನ್ನನ್ನು ಜೊತೆ ಮಾಡಿದರು. ಸರ್ ತಾಯಿಗೆ ಒಂದೇ ಮಾತು ಹೇಳಿದ್ದರು: "ಇದೊಂದು ನೋಡತೇನಿ. ಮುಂದ ಇಲ್ಲ."

ಮನೆ ತೋರಿಸಲು ಗುಮಾಸ್ತರೂ ಜೊತೆಗೆ ಬಂದಿದ್ದರು. ಬಸ್ಸಿನಲ್ಲಿ ಅವರು ಇನ್ನೊಂದು ವಿಷಯ ಹೇಳಿದರು. ಆ ಹುಡುಗಿಯನ್ನು ನೋಡಲು ಈಗಾಗಲೇ ನಾಲ್ಕು ಕಡೆಯವರು ಬಂದು, ತಿಂದು, ಸುದ್ದಿಯಿಲ್ಲದೆ ಕೂತಿದ್ದರಂತೆ. "ಇದೂ ಆಗಲಿಲ್ಲಂದ್ರ ಇನ್ನೊಮ್ಮೆ ಸೀರಿ ಉಟ್ಟು ಯಾರ ಮುಂದನೂ ಕೂಡಂಗಿಲ್ಲ ಅಂತ ಅಪ್ಪಗ ಹೇಳ್ಯಾಳ್ರಿ." ಸರ್ ಕಿಟಕಿಯಿಂದ ಮುಖ ಒಳಗೆ ತಂದು ಅವರನ್ನೇ ನೋಡಿದರು. ಇಬ್ಬರೂ ಕಡೆಯ ಸಲವೆಂದೇ ಹೊರಟಿದ್ದಾರಲ್ಲ ಎಂದು ನನಗೆ ಸ್ವಲ್ಪ ಹೆದರಿಕೆಯೇ ಆಯಿತು.

ಔರಾದದ ಆ ಮನೆಯ ಪಡಸಾಲೆಯಲ್ಲಿ ಹುಡುಗಿ ಬಂದು ಕೂತಳು. ಎತ್ತರದ ಹುಡುಗಿ, ನೇರ ನೋಟ. ಏನಾದರೂ ಕೇಳಿ ಎಂದು ಅವಳ ಅಪ್ಪ ಒತ್ತಾಯಿಸಿದರು. ಸರ್ ತಮ್ಮ ಜೇಬಿಗೆ ಹೇಳಿದಂತೆ, "ಏನರೆ ಓದತೀರೇನ್ರಿ?" ಎಂದು ಕೇಳಿದರು. ಅವಳು, "ಕಿರಾಣಿ ಸಾಮಾನು ಕಟ್ಟಿ ಬಂದ ಕಾಗದಾನೂ ಬಿಡಂಗಿಲ್ರಿ" ಅಂದಳು. ಸರ್ ನಕ್ಕರು. ನಾಲ್ಕು ವರ್ಷದ ಒಡನಾಟದಲ್ಲಿ ಅಂಥ ನಗು ನಾನು ನೋಡಿರಲಿಲ್ಲ. ಆಯಿತು, ಇನ್ನು ಹೋಳಿಗೆ ಊಟವೇ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಅಷ್ಟರಲ್ಲಿ ಚಹಾ ಬಂತು. ಅವಳ ಅಪ್ಪನಿಗೆ ಸಕ್ಕರೆ ಕಾಯಿಲೆ. ಹಾಗಾಗಿ ಆ ಮನೆಯಲ್ಲಿ ಚಹಾವನ್ನು ಸಕ್ಕರೆಯಿಲ್ಲದೆ ಕುದಿಸಿ, ಬೇಕಾದವರಿಗೆ ಆಮೇಲೆ ಹಾಕಿಕೊಡುವ ರೂಢಿ. ಒಳಗಿನ ಬಾಗಿಲ ಮರೆಯಿಂದ ಹುಡುಗಿಯ ಮೌಶಿ, ಅಂದರೆ ಚಿಕ್ಕಮ್ಮ, ಸಾಖರ ಎಷ್ಟು ಚಮಚ ಎಂದು ಕೇಳಿದರು. ನಾನು ಒಂದು ಅಂದೆ. ಸರ್ ಗದ್ದ ಎದೆಗೊತ್ತಿ, "ನಾಕು" ಅಂದರು. ಮರಾಠಿಯಲ್ಲಿ ಬೇಡ ಅನ್ನುವುದಕ್ಕೆ ನಕೋ ಅನ್ನುತ್ತಾರೆ. ಮೌಶಿಯ ಕಿವಿಗೆ ಬಿದ್ದದ್ದು ಅದೇ. ನನ್ನ ಕಪ್ಪಿಗೆ ಸಕ್ಕರೆ ಬಿತ್ತು, ಸರ್ ಕಪ್ಪಿಗೆ ಬೀಳಲಿಲ್ಲ.

ಇದು ಈಗ ಗೊತ್ತಿರುವುದು. ಅವತ್ತು ನಾನು ಕಂಡದ್ದು, ಮೊದಲ ಗುಟುಕಿಗೇ ಸರ್ ಮುಖ ಹಿಂಡಿಕೊಂಡಿದ್ದು. ಹುಡುಗಿಯೂ ಕಂಡಳು. ಅವಳ ಅಪ್ಪನೂ ಕಂಡರು. ಸರ್ ಕಪ್ಪನ್ನು ಪೂರ್ತಿ ಖಾಲಿ ಮಾಡಿ, ಮೆಲ್ಲಗೆ ಬಸಿಯ ಮೇಲಿಟ್ಟು, "ಹೊರಡೋಣರಿ" ಅಂದರು. ಹುಡುಗಿ ಎದ್ದು ಒಳಗೆ ಹೋದಳು.

ಗುಮಾಸ್ತರು ಔರಾದದಲ್ಲೇ ಉಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ, "ಏನಾತ್ರಿ ಸರ್?"

"ಅಕಿಗೆ ನಾ ಬ್ಯಾಡ."

"ನಿಮಗ ಯಾರು ಹೇಳಿದ್ರು?"

"ಚಾದಾಗ ಹೇಳ್ಯಾಳ. ನಾಕು ಚಮಚ ಕೇಳಿದೆ, ಒಂದು ಹರಳೂ ಹಾಕಿಲ್ಲ. ಅಪ್ಪನ ಮುಂದ ಬಾಯಿ ಬಿಟ್ಟು ಹೇಳಲಿಕ್ಕಾಗದ ಹುಡುಗಿ ಮತ್ತ ಹ್ಯಾಂಗ ಹೇಳಬೇಕು?"

ಕಾದಂಬರಿ ಕಲಿಸುವವರೊಂದಿಗೆ ವಾಸ ಮಾಡಿದರೆ ಇದೇ ತೊಂದರೆ. ಯಾವುದೂ ಅವರಿಗೆ ಬರೀ ಚಹಾ ಆಗಿರುವುದಿಲ್ಲ. ಆದರೆ ಅವರ ಮುಖ ನೋಡಿ ನನಗೆ ನಗಲಾಗಲಿಲ್ಲ. ಮರುದಿನ ಗುಮಾಸ್ತರು ಬಂದು, "ಏನಂದ್ರು ಸರ್?" ಎಂದು ಕೇಳಿದಾಗ ನಾನು ಒಂದು ದೊಡ್ಡ ಕೆಲಸ ಮಾಡಿದೆ. ಬೇಡ ಅನ್ನಿಸಿಕೊಂಡು ಬಂದರು ಎಂಬ ಮಾತು ಕಾಲೇಜಿನಲ್ಲಿ ಹಬ್ಬಬಾರದೆಂದು, ಸರ್ ಮಾನ ಕಾಯಲೆಂದು, "ನಮಗ ಮನಸ್ಸಿಲ್ಲರಿ, ಅವರಿಗೆ ತಿಳಿಸಿಬಿಡ್ರಿ" ಅಂದೆ. ಸರ್ ನನ್ನನ್ನು ಕೇಳಿರಲಿಲ್ಲ. ನಾನೂ ಅವರನ್ನು ಕೇಳಲಿಲ್ಲ. ಆ ಮಾತು ಔರಾದ ಮುಟ್ಟಿತು.

ಆಮೇಲಿನ ಎರಡು ತಿಂಗಳು ಸರ್ ಪಾಠ ಮಾಡಿದರು, ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡರು, ಎಲ್ಲ ಮೊದಲಿನ ಹಾಗೆಯೇ. ಒಂದೇ ವ್ಯತ್ಯಾಸ, ಕಿರಾಣಿ ಅಂಗಡಿಯಿಂದ ಬಂದ ಪೊಟ್ಟಣದ ಕಾಗದಗಳನ್ನು ಬಿಸಾಡದೆ, ಬಿಡಿಸಿ, ನೀವಿ, ಹಾಸಿಗೆಯ ಕೆಳಗಿಡುತ್ತಿದ್ದರು. ನಾನು ನೋಡಿಯೂ ನೋಡದವನಂತೆ ಇದ್ದೆ.

ಅಷ್ಟರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ನಮ್ಮ ಕಾಲೇಜಿನಲ್ಲೇ ಎರಡು ದಿನದ ತರಬೇತಿ ಬಂತು. ಔರಾದದಿಂದ ಬಂದವರಲ್ಲಿ ಆಕೆಯೂ ಇದ್ದಳು. ಸರ್ ಅವಳನ್ನು ದೂರದಿಂದ ಕಂಡದ್ದೇ ಲೈಬ್ರರಿಯೊಳಗೆ ಹೊಕ್ಕು ಮಧ್ಯಾಹ್ನದವರೆಗೆ ಹೊರಬರಲಿಲ್ಲ. ಚಹಾದ ಹೊತ್ತಿಗೆ ನಾನೇ ಎಳೆದುಕೊಂಡು ಕ್ಯಾಂಟೀನಿಗೆ ಹೋದೆ. ಅಭ್ಯಾಸಬಲ, ಸರ್ ಕೈ ಸಕ್ಕರೆ ಡಬ್ಬಿಗೆ ಹೋಯಿತು. ನಾಲ್ಕನೆಯ ಚಮಚ ಕಪ್ಪಿಗೆ ಬೀಳುವಾಗ ಹಿಂದಿನಿಂದ ದನಿ ಬಂತು.

"ನಮ್ಮ ಮನ್ಯಾಗ ಸಕ್ರಿ ನಕೋ ಅಂದಿದ್ರಿ. ಇಲ್ಲಿ ನಾಕು ಚಮಚ ಹಾಕ್ಕೋತೀರಿ. ನಮ್ಮ ಮನಿ ಸಕ್ರಿ ಏನು ಕಹಿ ಇತ್ತೇನ್ರಿ ಸರ್?"

ಸರ್ ತಿರುಗಿದರು. ತುಟಿ ಅಲ್ಲಾಡಿತು.

"ಕೇಳಸ್ಲಿಲ್ರಿ" ಅಂದಳು ಆಕೆ.

"ನಾಕು ಅಂದಿದ್ದೆ."

"ನಾಕು?" ಆಕೆ ತನ್ನ ಕೈಬೆರಳು ನಾಲ್ಕನ್ನು ಎತ್ತಿ ಹಿಡಿದಳು. ಸರ್ ತಲೆಯಾಡಿಸಿದರು. ಒಂದು ಕ್ಷಣ ಇಬ್ಬರೂ ಆ ಬೆರಳುಗಳನ್ನೇ ನೋಡಿದರು. ಆಮೇಲೆ ಆಕೆಗೆ ನಗು ಬಂತು, ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು, ನೀರು ಒರೆಸಿಕೊಳ್ಳುವಷ್ಟರಲ್ಲಿ ಸಿಟ್ಟೂ ಬಂತು.

"ಹಂಗಿದ್ರ ಮನಸ್ಸಿಲ್ಲ ಅಂತ ನಮ್ಮ ಅಪ್ಪಗ ಹೇಳಿ ಕಳಿಸಿದವರು ಯಾರು?"

ಸರ್ ನನ್ನ ಕಡೆ ನೋಡಿದರು. ಆಕೆಯೂ ನೋಡಿದಳು. ನಾನು ಕಪ್ಪು ಕೆಳಗಿಟ್ಟು ತಪ್ಪೊಪ್ಪಿಕೊಂಡೆ. ಸರ್ ಮಾನ, ಕಾಲೇಜಿನ ಮಂದಿ ಎಂದೇನೇನೋ ತೊದಲಿದೆ. ಆಕೆ ಪೂರ್ತಿ ಕೇಳಿ, "ನೀವು ಮಾನ ಕಾಯಲಿಕ್ಕ ಹೋದ್ರಿ, ಅಲ್ಲಿ ನಮ್ಮ ಅಪ್ಪ ಎರಡು ದಿನ ಊಟ ಮಾಡಿಲ್ಲ" ಅಂದಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ವರ್ಷವಾದರೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ.

ತಪ್ಪು ತಿಳಿದದ್ದು ಬಿಡಿಸಿದ ಮೇಲೆ ಎಲ್ಲ ಸರಿಹೋಯಿತು ಎಂದುಕೊಂಡರೆ ಆಕೆಯನ್ನು ನೀವು ಅರಿತಿಲ್ಲ. ಹೊರಡುವ ಮುನ್ನ ಸರ್ ಮುಂದೆ ಬಂದು ನಿಂತು, "ನೀವು ಬಂದು ನನ್ನ ನೋಡಿ ಹೋದ್ರಿ. ನಾ ಇನ್ನಾ ನಿಮ್ಮನ್ನ ನೋಡಿಲ್ಲ. ಬರೋ ಐತವಾರ ಮೌಶಿನ್ನ ಕರಕೊಂಡು ಬರ್ತೇನಿ. ನೋಡಿ ಆಮ್ಯಾಲ ಹೇಳತೇನಿ" ಅಂದಳು.

ಗಂಡು ನೋಡುವ ಶಾಸ್ತ್ರ ನಮ್ಮ ಕಡೆ ಯಾರೂ ಕೇಳಿದ್ದಲ್ಲ. ಶನಿವಾರವಿಡೀ ನಾವಿಬ್ಬರೂ ಮನೆ ಗುಡಿಸಿದೆವು. ನೋಡಲು ಬಂದವರಿಗೆ ಹುಡುಗಿಯ ಮನೆಯಲ್ಲಿ ಅವಲಕ್ಕಿ ಒಗ್ಗರಣೆ ಕೊಡುವುದು ಆ ಕಡೆಯವರ ಪದ್ಧತಿ. ಹಾಗಾದರೆ ಇಲ್ಲಿ ತಾವೇ ಮಾಡಬೇಕು ಎಂದು ಸರ್ ಹಟ ಹಿಡಿದರು. ತೆಳು ಅವಲಕ್ಕಿಯನ್ನು ಅರ್ಧ ಗಂಟೆ ನೆನೆಹಾಕಿದರು. ನಮ್ಮಲ್ಲಿದ್ದದ್ದು ಅನ್ನ ಮಾಡುವ ಒಂದೇ ಪಾತ್ರೆ. ಅದರಲ್ಲಿ ತಯಾರಾದದ್ದನ್ನು ಏನೆಂದು ಕರೆಯಬೇಕೋ ಗೊತ್ತಾಗಲಿಲ್ಲ. ಐತವಾರ ಟೀಚರ್ ಮತ್ತು ಮೌಶಿ ಬಂದು ಕೂತ ಮೇಲೆ, ಬಿಳಿ ಅಂಗಿ ತೊಟ್ಟು, ತಟ್ಟೆಗಳನ್ನು ಹೊತ್ತು ಸರ್ ಹೊರಗೆ ಬಂದರು. ಮೌಶಿ ತಡೆಯಲಾಗದೆ, "ಜರಾ ಆ ಬಾಗಲತನಕ ನಡದು ತೋರಸ್ರಿ" ಅಂದರು. ಸರ್ ನಿಜವಾಗಿಯೂ ನಡೆದು ತೋರಿಸಿದರು.

ಟೀಚರ್ ಮಾತ್ರ ನಗಲಿಲ್ಲ. ಮುದ್ದೆಯಾಗಿದ್ದ ಅವಲಕ್ಕಿಯನ್ನು ತಿನ್ನುತ್ತ, "ನೀವು ಕಲಿಸೋ ಕಾದಂಬರಿದು ನಮ್ಮೂರ ಹುಡುಗಿ ಒಬ್ಬಾಕಿ ಹೇಳ್ಯಾಳ. ಕಡೀಕ ಆ ಹುಡುಗಿ ಯಾಕ ಒಪ್ಪತಾಳ್ರಿ? ಮನಿ ದೊಡ್ಡದಿತ್ತಂತನಾ?" ಎಂದು ಕೇಳಿದಳು.

"ಮನಿ ದೊಡ್ಡದು ಇರ್ತದ, ಸುಳ್ಳಲ್ಲ. ಆದ್ರ ಅವ ತನ್ನ ತಪ್ಪು ತಾನೇ ಬಂದು ಹೇಳತಾನ. ಅದಕ್ಕ ಒಪ್ಪತಾಳ" ಅಂದರು ಸರ್. ಆಮೇಲೆ ಗದ್ದ ಮೇಲೆತ್ತಿ, ತರಗತಿಯಲ್ಲಿನ ದನಿಯಲ್ಲೇ ಹೇಳಿದರು. "ಅವತ್ತ ಬಾಯಾಗ ಸಪ್ಪನ್ನ ಚಾ ಇತ್ತು. ಸಕ್ರಿ ಮರತೀರೇನ್ರಿ ಅಂತ ಒಂದು ಮಾತು ಕೇಳಿದ್ರ ಆಗ್ತಿತ್ತು. ಕೇಳಲಿಲ್ಲ. ನನ್ನ ಅವಮಾನ ನನಗ ದೊಡ್ಡದಾತು. ಹತ್ತು ವರ್ಷ ಹುಡುಗರಿಗೆ ಇದನ್ನೇ ಕಲಿಸೇನಿ, ನಾ ಕಲತಿರಲಿಲ್ಲ. ನಾಚಿ ಸುಮ್ಮನಿದ್ದೆ ಅಂತ ಎಲ್ಲಾರೂ ಅಂತಾರ. ಅದು ನಾಚಿಕಿ ಅಲ್ಲ ಟೀಚರ್, ಸೊಕ್ಕು."

ತರಗತಿಯ ಹೊರಗೆ ನಾನು ಅವರ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ಕೇಳಿದ್ದು ಅದೇ ಮೊದಲು. ಟೀಚರ್ ತಟ್ಟೆ ಕೆಳಗಿಟ್ಟು ಮೌಶಿಯ ಕಡೆ ತಿರುಗಿದಳು. "ಮೌಶಿ, ನೀ ಆಟೋದಾಗ ಮುಂದ ಹೋಗು. ನಾ ಇವರ ಜೋಡಿ ನಡಕೋತ ಬಸ್ ಸ್ಟ್ಯಾಂಡಿಗೆ ಬರ್ತೇನಿ."

ಹಾಡುಹಗಲು, ಐತವಾರ, ಭಾಲ್ಕಿಯ ಬಜಾರದಲ್ಲಿ ಒಂದು ಗಂಡು ಒಂದು ಹೆಣ್ಣು ಜೊತೆಯಾಗಿ ನಡೆದುಹೋಗುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಸರ್‌ಗೆ ಅದರ ಅರ್ಥ ಗೊತ್ತಿತ್ತು, ಆದರೆ ನಂಬಲು ಧೈರ್ಯವಿರಲಿಲ್ಲ. ಆಕೆಯಿಂದ ಎರಡು ಮೊಳ ದೂರದಲ್ಲಿ ನಡೆಯುತ್ತಿದ್ದರು. ನಾನು ಹತ್ತು ಹೆಜ್ಜೆ ಹಿಂದೆ. ಅಂಗಡಿಗಳವರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಪಾತ್ರೆ ಅಂಗಡಿಯವರು ಗದ್ದಿಗೆಯಿಂದಲೇ ಕೂಗಿದರು, "ಸರ್, ನೆಂಟರು ಬಂದಾರೇನ್ರಿ? ಎಷ್ಟ ದಿನ ಇರ್ತಾರ?"

ಸರ್ ಬಾಯಿ ತೆರೆಯುವ ಮೊದಲೇ ಆಕೆ ನಿಂತಳು. "ನೆಂಟರಲ್ರಿ ಅಣ್ಣಾ, ಇನ್ನ ಮ್ಯಾಲ ಇವರ ಮನ್ಯಾಗೇ ಇರಾಕಿ. ಒಂದು ದೊಡ್ಡ ಕಡಾಯಿ ತೆಗದಿಡ್ರಿ. ಆ ಮನ್ಯಾಗ ಒಂದು ಅವಲಕ್ಕಿ ಮಾಡಲಿಕ್ಕೂ ನೆಟ್ಟನ್ನ ಪಾತ್ರಿ ಇಲ್ಲ."

ಸರ್ ರಸ್ತೆಯ ನಡುವೆ ನಿಂತುಬಿಟ್ಟರು. ಹಿಂದೆ ಬರುತ್ತಿದ್ದ ಟಾಂಗಾದವನು ಕೂಗಿದರೂ ಸರಿಯಲಿಲ್ಲ. ಆಕೆಯ ಮುಖವನ್ನೇ ನೋಡುತ್ತ, ಇಡೀ ಬಜಾರಕ್ಕೆ ಕೇಳುವ ಹಾಗೆ, "ಏನಂದ್ರಿ? ನನಗ ಪಕ್ಕಾ ಕೇಳಲಿಲ್ಲ. ಇನ್ನೊಮ್ಮೆ ಹೇಳ್ರಿ" ಅಂದರು.

ಆಕೆ ಒಮ್ಮೆ ಕನ್ನಡದಲ್ಲಿ ಹೇಳಿದಳು. ಆಮೇಲೆ, ಯಾವುದಕ್ಕೂ ಇರಲಿ ಎಂದು, ಮರಾಠಿಯಲ್ಲೂ ಹೇಳಿದಳು.